ನೆಲವೇ ಡೊಂಕಿತ್ತು

ಮೇಲ್ರಸ್ತೆ ಮನೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೂಜಿಮೆಣಸಿಗೆ ಅಜ್ಜಿಯ ಮುತ್ತುಗಳು.

ಫೆಬ್ರವರಿ ಆರನೇ ತಾರೀಕು, ಗುರುವಾರ ಬೆಳಿಗ್ಗೆ, ನಿಮ್ಮ ಕಾಲೇಜಿನ ವಿಜ್ಞಾನ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿ ನೀನು ಗಾಲಿಕುರ್ಚಿಯಲ್ಲಿ ಕೂತಿದ್ದಾಗ, ಮೇಲೆ ಪರೀಕ್ಷಾ ಕೊಠಡಿಯಲ್ಲಿ ನಿನ್ನ ಹೆಸರು ಕೂಗಿ, ಉತ್ತರ ಬರಲಿಲ್ಲವೆಂದು 'ಗೈರುಹಾಜರು' ಎಂದು ಬರೆದುಕೊಂಡರು. ನಡೆದ ಅನ್ಯಾಯ ಇದು. ಉಳಿದದ್ದೆಲ್ಲ ಇದರ ಬಾಲ. ಕ್ಷೇಮ ವಿಚಾರಿಸುವುದಕ್ಕೂ ಮೊದಲು ಇದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ಈ ಒಂದು ತಿಂಗಳಲ್ಲಿ ಇದನ್ನು ಒಬ್ಬರು 'ಆ ಗೊಂದಲ' ಎಂದರು, ಇನ್ನೊಬ್ಬರು 'ಸಣ್ಣ ಅಚಾತುರ್ಯ' ಎಂದರು, ಕೊನೆಗೆ ನಿನ್ನಪ್ಪ, ನಾನು ಹೆತ್ತ ಮಗನೇ, ಫೋನಿನಲ್ಲಿ 'ಆ ವಿಷಯ' ಅಂದುಬಿಟ್ಟ. ಹೆಸರನ್ನು ಸವೆಸುತ್ತಾ ಹೋದರೆ ತಪ್ಪೂ ಸವೆದುಹೋಗುತ್ತದೆ. ನನಗೆ ನೆನಪಿನ ಶಕ್ತಿ ಜಾಸ್ತಿ. ಅದೊಂದು ರೋಗ ಅನ್ನುತ್ತಾರೆ ನಿಮ್ಮ ತಾತ. ಇರಲಿ, ಇಷ್ಟು ರೋಗಗಳ ಜೊತೆ ಅದೂ ಒಂದು.

ಈಗ ಹೇಳು, ಹೇಗಿದ್ದೀಯ? ಭುಜದ ನೋವು ಕಮ್ಮಿಯಾಯಿತೇ? ಅಲ್ಲಿ ನಿಮ್ಮ ಮನೆಯ ಹೊಸ್ತಿಲು ಎತ್ತರ, ದಿನಕ್ಕೆ ನಾಲ್ಕು ಸಲ ಕುರ್ಚಿಯನ್ನು ಅದರ ಮೇಲೆ ಹತ್ತಿಸಿದರೆ ಭುಜ ಏನಾಗಬೇಕು? ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಡು. ಅಮ್ಮನಿಗೆ ಹೇಳಲು ಸಂಕೋಚವಾದರೆ ಅಜ್ಜಿ ಬರೆದಿದ್ದಾಳೆ ಅನ್ನು. ನಾನು ಚೆನ್ನಾಗಿದ್ದೇನೆ. ತಾತನ ಮಂಡಿ ಮಾತ್ರ ಬೆಳಿಗ್ಗೆ ಎದ್ದ ತಕ್ಷಣ ಕಟಕಟ ಅನ್ನುತ್ತದೆ; 'ಮನೆಗೊಂದು ಗಡಿಯಾರ ಸಾಕಲ್ಲ' ಅನ್ನುತ್ತಾರೆ. ನಿನಗೋಸ್ಕರ ಬಾಗಿಲಲ್ಲಿ ಮಾಡಿಸಿದ ಮರದ ಇಳಿಜಾರಿನ ಮೇಲೆ ಪಕ್ಕದ ಮನೆಯ ಬೆಕ್ಕು ಈಗ ಸಂಸಾರ ಹೂಡಿದೆ. ಹೆಸರಿಗೆ ತಾತ ಅದನ್ನು ದಿನಾ ಬಯ್ಯುತ್ತಾರೆ, ಬಯ್ದಾದ ಮೇಲೆ ಹಾಲು ಇಡುತ್ತಾರೆ. ಅದಕ್ಕೆ ಇನ್ನೂ ಹೇಳಿಲ್ಲ, ಆ ಜಾಗದ ಯಜಮಾನಿ ವಾಪಸ್ಸು ಬರುತ್ತಾಳೆ ಎಂದು.

ಬರುತ್ತೀಯೋ ಇಲ್ಲವೋ, ಅದನ್ನೇ ಬರೆಯಲು ಕೂತಿದ್ದೇನೆ. ಈ ಪತ್ರವನ್ನು ನಿನ್ನಪ್ಪನಿಗೂ ಓದಿ ಹೇಳು. ಅವನಿಗೆ ಅರ್ಧ ಕಥೆ ಮಾತ್ರ ಗೊತ್ತಿದೆ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಬೇಸರಪಡಬೇಡ.

ನಿನ್ನ ಪ್ರಯೋಗಾಲಯ ಇರುವುದು ಹಳೆಯ ಕಟ್ಟಡದಲ್ಲಿ. ಅವತ್ತಿನ ಪರೀಕ್ಷೆಯನ್ನು ಮಾತ್ರ ವಿಜ್ಞಾನ ಕಟ್ಟಡಕ್ಕೆ ಬದಲಾಯಿಸಿದರು. ಸೂಚನಾ ಫಲಕದಲ್ಲಿ 'ನೆಲಮಹಡಿ' ಎಂದಿತ್ತು. ಕಾಲೇಜು ಎಲ್ಲರಿಗೂ ಹಂಚುವ ನಕ್ಷೆಯಲ್ಲೂ ಆ ಕಟ್ಟಡದ ಮೇಲೆ ನೀಲಿ ಗಾಲಿಕುರ್ಚಿಯ ಗುರುತಿತ್ತು. ನೆಲಮಹಡಿ ಎಂದಮೇಲೆ ನೆಲದ ಮೇಲೇ ಇರುತ್ತದೆ ಎಂದು ನೀನು ನಂಬಿದೆ, ಹಳೆಯ ಮೆಟ್ಟಿಲು ನೆನಪಿದ್ದ ನಾನೂ ಆ ನೀಲಿ ಗುರುತು ನೋಡಿ ಈಗ ಇಳಿಜಾರು ಕಟ್ಟಿರಬೇಕೆಂದು ನಂಬಿದೆ, ತಾತ 'ಹಾಗಾದ್ರೆ ಚಿಂತೆಯಿಲ್ಲ' ಎಂದು ಎರಡನೇ ಲೋಟ ಚಹಾ ಕುಡಿದರು. ನೀನು ಹೋಗಿ ನೋಡಿದರೆ, ನೆಲಮಹಡಿಯ ಬಾಗಿಲು ಮೆಟ್ಟಿಲುಗಳ ತುದಿಯಲ್ಲಿ ಆಕಾಶಕ್ಕೆ ಹತ್ತಿರ ಇತ್ತು. ಹುಡುಗರು 'ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ ಬಾ' ಅಂದರು, ಒಳ್ಳೆಯ ಮನಸ್ಸಿನಿಂದಲೇ ಅಂದರು. ನೀನು ಬೇಡವೆಂದೆ. ಹೈಸ್ಕೂಲಿನಲ್ಲಿ ಹೀಗೇ ಒಳ್ಳೆಯ ಮನಸ್ಸಿನವರು ಎತ್ತಿಕೊಂಡು ಹೋಗುವಾಗ ಕೈಜಾರಿ ನಿನ್ನ ಭುಜ ಮುರಿದದ್ದು ಅವರಿಗೇನು ಗೊತ್ತು? ಗೊತ್ತಿರಬೇಕಾಗಿಯೂ ಇಲ್ಲ. ಬೇಡ ಎಂದರೆ ಬೇಡ. ಪರೀಕ್ಷಾ ವಿಭಾಗದ ಅಧೀಕ್ಷಕರಿಗೆ ಹೇಳಿ ಕಳಿಸಿದೆ, ಅವರು ಮೆಟ್ಟಿಲ ತುದಿಗೆ ಬಂದು ನಿಂತು ನಿನ್ನನ್ನು ನೋಡಿದರು, ಪಕ್ಕದವರಿಗೆ ಕೇಳುವಂತೆ ಒಂದು ಗಾದೆ ಹೇಳಿ ಒಳಗೆ ಹೋದರು. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.'

ಈ ಗಾದೆಯನ್ನು ನೀನು ನನಗೆ ಹೇಳಲಿಲ್ಲ. ಮನೆಗೆ ಬಂದು 'ಪರೀಕ್ಷೆ ತಪ್ಪಿತು ಅಜ್ಜಿ' ಅಂದೆ, ಮಾರನೆಯ ದಿನ ಅಪ್ಪನಿಗೆ ಫೋನ್ ಮಾಡಿ ಊರಿಗೆ ಹೊರಟುಬಿಟ್ಟೆ. ಮೆಟ್ಟಿಲಿಗೆ ಹೆದರಿ ಓಡುವವಳಲ್ಲವಲ್ಲ ಇವಳು, ಏನೋ ಆಗಿದೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ನಿನ್ನ ಸಹಪಾಠಿ ರೇಡಿಯೋ ಒಂದು ವಾರದ ಮೇಲೆ ಮನೆಗೆ ಬಂದು ಹೇಳಿದ. ಅವನಿಗೆ ಕಣ್ಣು ಕಾಣುವುದಿಲ್ಲ, ಆದರೆ ಕಿವಿಗೆ ಬಿದ್ದದ್ದು ಯಾವುದೂ ಮರೆತುಹೋಗುವುದಿಲ್ಲ, ಆ ಹೆಸರು ಇಟ್ಟವರು ಬುದ್ಧಿವಂತರು. ಆ ಗಾದೆಯನ್ನು ಅಧೀಕ್ಷಕರ ಧ್ವನಿಯಲ್ಲೇ ಹೇಳಿ ತೋರಿಸಿದ. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಸಿಟ್ಟು ಬಂದಾಗ ನಾನು ಲೋಟ ಕೆಳಗಿಡುತ್ತೇನೆ, ನಿನಗೆ ಗೊತ್ತು.

ಗಾದೆ ಸುಳ್ಳಾದರೂ ವೇದ ಸುಳ್ಳಾಗದು ಅನ್ನುತ್ತಾರಲ್ಲ, ಅಲ್ಲ, ತಿರುಗಾಮುರುಗಾ ಬರೆದೆ ನೋಡು, ಸಿಟ್ಟು ಇನ್ನೂ ಇಳಿದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಆದರೆ ಈ ಗಾದೆಯ ಬಗ್ಗೆ ನನಗೆ ಯಾವತ್ತೂ ಒಂದು ಅನುಮಾನ. ಆ ಕುಣಿಯುವವಳು ನೆಲ ಡೊಂಕು ಅಂದಾಗ ಯಾರಾದರೂ ಬಗ್ಗಿ ನೆಲವನ್ನು ನೋಡಿದರೇ? ಅವಳನ್ನು ನೋಡಿ ನಕ್ಕರು, ಗಾದೆ ಕಟ್ಟಿದರು, ಮುಗಿಯಿತು. ಇಡೀ ಉದ್ಯೋಗಜೀವನ ಮಕ್ಕಳಿಗೆ ಭೂಗೋಳ ಕಲಿಸಿದವಳು ನಾನು. ನೆಲ ಡೊಂಕೋ ನೆಟ್ಟಗೋ ಎಂದು ನೋಡುವುದು ನನ್ನ ಕಸುಬು. ಹಾಗಾಗಿ ನೋಡಲು ಹೊರಟೆ.

ಹೊರಡುವ ಮೊದಲು ಒಂದು ಹಳೆಯ ಮಾತು. ಆ ವಿಜ್ಞಾನ ಕಟ್ಟಡ ಉದ್ಘಾಟನೆಯಾದ ದಿನ ನಾನು ಒಂಬತ್ತನೇ ತರಗತಿಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿದ್ದೆ. ವೇದಿಕೆಯಲ್ಲಿದ್ದ ದೊಡ್ಡವರೊಬ್ಬರು 'ಇವು ಬರೀ ಮೆಟ್ಟಿಲುಗಳಲ್ಲ, ಜ್ಞಾನದ ಸೋಪಾನ' ಅಂದರು, ನಾವೆಲ್ಲ ಚಪ್ಪಾಳೆ ಹೊಡೆದೆವು. ನನ್ನ ತರಗತಿಯಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವ ಹುಡುಗಿಯೊಬ್ಬಳಿದ್ದಳು, ನಕ್ಷೆ ಬಿಡಿಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಮುಂದೆ ಅದೇ ಕಾಲೇಜಿಗೆ ಸೇರಿದಳು, ತಿಂಗಳೊಳಗೆ ಬಿಟ್ಟಳು. ಅವಳಿಗೂ 'ಎತ್ಕೊಂಡು ಹೋಗ್ತೀವಲ್ಲ' ಎಂದೇ ಹೇಳಿದ್ದರು. ನಾನು ಆಗಲೇ ಪತ್ರಿಕೆಗೆ ಬರೆದೆ. ಅಚ್ಚಾಯಿತು ಕೂಡ, ಆದರೆ ಸ್ಥಳಾಭಾವದಿಂದಲೋ ಏನೋ, ಕೊನೆಯ ಸಾಲನ್ನು ಕತ್ತರಿಸಿದ್ದರು. ಪ್ರಶ್ನೆ ಇದ್ದದ್ದೇ ಕೊನೆಯ ಸಾಲಿನಲ್ಲಿ. ಪ್ರಶ್ನೆಯಿಲ್ಲದ ಪತ್ರ ಹೊಗಳಿಕೆಯ ಹಾಗೆ ಕಾಣುತ್ತಿತ್ತು. ಓದಿದವರು 'ಕಾಲೇಜಿನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದೀರಿ' ಅಂದರು. ಇದನ್ನು ಮರೆಯಲು ನನ್ನಿಂದ ಈವರೆಗೆ ಆಗಿಲ್ಲ.

ಈಗಿನ ಪ್ರಾಂಶುಪಾಲ ಕೂಡ ನನ್ನ ಹಳೆಯ ವಿದ್ಯಾರ್ಥಿಯೇ. ನಕ್ಷೆಯಲ್ಲಿ ನದಿಗಳನ್ನು ಬೆಟ್ಟ ಹತ್ತಿಸುತ್ತಿದ್ದವನು. ಕೊಠಡಿಗೆ ಹೋದ ತಕ್ಷಣ ಎದ್ದು ನಿಂತ, 'ಕೂತ್ಕೊಳ್ಳಿ ಟೀಚರ್' ಅಂದ. ನಾನು ಅವನ ಮೇಜಿನ ಮೇಲೆ ಅವನದೇ ಕಾಲೇಜಿನ ನಕ್ಷೆ ಹರಡಿ ಹೇಳಿದೆ, 'ಆಗ ನದಿಗಳನ್ನ ಬೆಟ್ಟ ಹತ್ತಿಸ್ತಿದ್ದೆ, ಈಗ ಗಾಲಿಕುರ್ಚಿಗಳನ್ನ ಮೆಟ್ಟಿಲು ಹತ್ತಿಸ್ತಿದ್ದೀಯಲ್ಲಪ್ಪ.' ಪಾಪ, ನಗಬೇಕೋ ಬೇಡವೋ ತಿಳಿಯದೆ ಗಂಟೆ ಒತ್ತಿ ಕಟ್ಟಡ ವಿಭಾಗದ ಎಂಜಿನಿಯರಮ್ಮನನ್ನು ಕರೆಸಿದ. ಆಕೆ ಬಂದಳು, ಚುರುಕು ಹೆಂಗಸು, ನಕ್ಷೆ ಅವಳ ವಿಭಾಗದ್ದೇ. 'ನೆಲಮಹಡಿ ಅನ್ನೋದು ಒಂದು ಹೆಸರು ಮೇಡಂ, ಅದು ನೆಲದ ಮೇಲೇ ಇರ್ಬೇಕು ಅಂತೇನಿಲ್ಲ' ಅಂದಳು. ಅಂದವಳು, ತಾನು ಅಂದದ್ದು ತನ್ನ ಕಿವಿಗೇ ಬಿದ್ದವಳಂತೆ, ಮೇಜಿನ ಮೇಲಿನ ನಕ್ಷೆ ಮಡಚಿದಳು. ಆಮೇಲೆ, 'ನಡೀರಿ, ಹೋಗಿ ನೋಡೋಣ' ಅಂದಳು. ಆ ಮಾತಿಗೆ ಅವಳ ಮೇಲೆ ನನಗೆ ಅಂದೇ ಗೌರವ ಬಂತು.

ನೋಡಿದೆವು ಕಣೇ. ನೆಲವೇ ಡೊಂಕು. ಇಡೀ ಕಾಲೇಜು ಗುಡ್ಡದ ಇಳಿಜಾರಿನ ಮೇಲಿದೆ, ನಕ್ಷೆ ಬರೆದವರು ಅದನ್ನು ರೊಟ್ಟಿಯ ಹಾಗೆ ಚಪ್ಪಟೆ ಮಾಡಿಟ್ಟಿದ್ದಾರೆ. ಮುಂದೆ ಕೆಳರಸ್ತೆಯಿಂದ ಬಂದರೆ ನೆಲಮಹಡಿಗೆ ಮೆಟ್ಟಿಲು ಹತ್ತಬೇಕು. ಹಿಂದೆ ಮೇಲ್ರಸ್ತೆಯಿಂದ ಬಂದರೆ, ಅಲ್ಲಿನ ನೆಲ ನೇರವಾಗಿ ಮೊದಲ ಮಹಡಿಗೆ ಸಮ, ಹೊಸ್ತಿಲೂ ಇಲ್ಲ. ಒಳಗೆ ಉಗ್ರಾಣದ ಪಕ್ಕದಲ್ಲಿ ಲಿಫ್ಟ್ ಇದೆ. ಅದರಲ್ಲಿ ಒಂದು ಮಹಡಿ ಕೆಳಗಿಳಿದರೆ ನೆಲಮಹಡಿ, ನಿನ್ನ ಪರೀಕ್ಷೆ ನಡೆದ ಕೊಠಡಿ. ನೆಲಮಹಡಿಗೆ ಹೋಗಬೇಕಾದರೆ ಮೊದಲ ಮಹಡಿಯಿಂದ ಇಳಿಯಬೇಕು! ನೀಲಿ ಗುರುತು ಸುಳ್ಳಲ್ಲ, ದಾರಿ ನಿಜಕ್ಕೂ ಇತ್ತು. ಆದರೆ ಎಲ್ಲಿಂದ ಎಂದು ಬರೆದಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಗುರುತು ಹಾಕಿ ಕೈತೊಳೆದುಕೊಂಡಿದ್ದರು. ಆ ಕಟ್ಟಡದ ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ತರುವ ಗಾಡಿ ವರ್ಷಗಳಿಂದ ಅದೇ ಬಾಗಿಲಿಂದ ಒಳಗೆ ಹೋಗುತ್ತಿದೆಯಂತೆ, ಅಲುಗಾಡದ ಹಾಗೆ. ಗಾಜಿನ ನಳಿಕೆಗೆ ಸಿಕ್ಕ ಮರ್ಯಾದೆ ನನ್ನ ಮೊಮ್ಮಗಳಿಗೆ ಸಿಗಲಿಲ್ಲ.

ಇನ್ನೂ ಒಂದಿದೆ. ನಮ್ಮ ಮನೆ ಇರುವುದು ಅದೇ ಮೇಲ್ರಸ್ತೆಯಲ್ಲಿ. ಅವತ್ತು ಬೆಳಿಗ್ಗೆ ನೀನು ಆ ಬಾಗಿಲ ಮುಂದೆಯೇ ಹಾದುಹೋಗಿ, ನಕ್ಷೆ ನಂಬಿ, ಮುಖ್ಯದ್ವಾರ ಹುಡುಕಿಕೊಂಡು ಗುಡ್ಡದ ಸುತ್ತ ಕೆಳಕ್ಕೆ ಇಳಿದೆ.

ಎಂಜಿನಿಯರಮ್ಮ ತನ್ನ ತಪ್ಪಲ್ಲ ಎನ್ನಲಿಲ್ಲ, ತಪ್ಪಾಯಿತು ಎಂದು ಕಣ್ಣೀರೂ ಹಾಕಲಿಲ್ಲ. 'ಹೊಸ ನಕ್ಷೆ ಮಾಡೋಣ, ನೀವೂ ಬನ್ನಿ' ಅಂದಳು. ಅಂದಿನಿಂದ ಪ್ರತಿ ಭಾನುವಾರ ನಮ್ಮ ದಿಬ್ಬಣ ಹೊರಡುತ್ತದೆ: ಎಂಜಿನಿಯರಮ್ಮ, ರೇಡಿಯೋ, ನಾನು, ಮತ್ತು ಕರೆಯದೇ ಬರುವ ನಿಮ್ಮ ತಾತ. ಮೊದಲ ಭಾನುವಾರ ತಾತ ಗ್ರಂಥಾಲಯದಿಂದ ಪುಸ್ತಕ ಸಾಗಿಸುವ ತಳ್ಳುಗಾಡಿ ಕೇಳಿ ತಂದರು. 'ಚಕ್ರ ಎಲ್ಲಿ ಹೋಗುತ್ತೋ ಅಲ್ಲೆಲ್ಲ ನಮ್ಮ ಹುಡುಗಿ ಹೋಗಬಹುದು, ಲೆಕ್ಕ ಸುಲಭ' ಎಂದು ಸಂಶೋಧಕರ ಹಾಗೆ ತಳ್ಳುತ್ತಾ ಹೊರಟರು. ಒಂದು ಕಡೆ ಮೆಟ್ಟಿಲು ಬಂತು, ಗಾಡಿಯನ್ನು ಎತ್ತಿ ಆಚೆ ಇಟ್ಟು 'ಇದೂ ಪಾಸು' ಅಂದರು. ರೇಡಿಯೋ ನಿಂತು ಹೇಳಿದ, 'ತಾತ, ತಳ್ಳುಗಾಡಿಗೆ ಮಾನ ಇಲ್ಲ. ಎತ್ತಿದ್ರೂ ಅದಕ್ಕೆ ಸಿಟ್ಟು ಬರಲ್ಲ.' ತಾತ ಗಾಡಿಯನ್ನು ಗ್ರಂಥಾಲಯಕ್ಕೆ ವಾಪಸ್ಸು ಮಾಡಿ ಬಂದರು. ಮನೆಗೆ ಬರುವಾಗ ದಾರಿಯಲ್ಲಿ, 'ಆ ಹುಡುಗ ಸರಿ ಹೇಳ್ದ ಕಣೆ' ಅಂದರು. ನಮ್ಮ ಮದುವೆಯಾದ ಮೇಲೆ ಇನ್ನೊಬ್ಬರು ಸರಿ ಎಂದು ಅವರು ಒಪ್ಪಿದ್ದು ನನಗೆ ನೆನಪಿರುವ ಮಟ್ಟಿಗೆ ಇದೇ ಮೊದಲು, ನನ್ನ ನೆನಪು ಎಂಥದ್ದು ಎಂದು ನಿನಗೆ ಗೊತ್ತು.

ರೇಡಿಯೋಗೆ ಆ ಹಳೆಯ ನಕ್ಷೆಯಿಂದ ಸಿಗುತ್ತಿದ್ದುದು ಒಂದೇ ಪದವಂತೆ. ಅವನ ಫೋನು ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ನಕ್ಷೆ ತೆರೆದರೆ 'ಚಿತ್ರ' ಎಂದು ಹೇಳಿ ಸುಮ್ಮನಾಗುತ್ತದೆ. ಇಷ್ಟು ದೊಡ್ಡ ಕಾಲೇಜು, ಇಷ್ಟು ಕಟ್ಟಡ, ಅವನ ಪಾಲಿಗೆ ಬಂದದ್ದು 'ಚಿತ್ರ'. ಅದಕ್ಕೆ ಹೊಸ ನಕ್ಷೆಯ ಜೊತೆ ದಾರಿಯನ್ನೆಲ್ಲ ಮಾತಿನಲ್ಲೂ ಬರೆಯಬೇಕೆಂದು ತೀರ್ಮಾನವಾಯಿತು, ಬರೆಯುವ ಕೆಲಸ ನನಗೆ ಬಂತು. ನಾನು ಬಹಳ ಮುತುವರ್ಜಿಯಿಂದ 'ಸುಂದರವಾದ ಮರದ ಬಳಿ ಬಲಕ್ಕೆ ತಿರುಗಿ' ಎಂದು ಬರೆದು ಓದಿದೆ. 'ಅಜ್ಜಿ, ಸುಂದರವಾದ ಮರ ಯಾವುದು ಅಂತ ತಿಳ್ಕೊಳ್ಳೋಕೆ ನಾನು ಮರಗಳಿಗೆ ಸ್ಪರ್ಧೆ ಇಡ್ಲಾ?' ಅಂದ. ಕೈಗೆ ಸಿಗುವುದು, ಕಾಲಿಗೆ ತಾಗುವುದು, ಕಿವಿಗೆ ಕೇಳುವುದು, ಇಷ್ಟೇ ಬರೆಯಬೇಕಂತೆ. ಈ ವಯಸ್ಸಿನಲ್ಲಿ ನನಗೆ ಪ್ರಬಂಧ ತಿದ್ದುವವನು ಸಿಕ್ಕಿದ್ದಾನೆ. ಈಗ ನನ್ನ ವಾಕ್ಯಗಳು ಹೀಗಿವೆ: 'ಕಬ್ಬಿಣದ ಕಂಬಿ ಮುಗಿದ ಕೂಡಲೇ ಎಡಕ್ಕೆ. ನೀರಿನ ಪಂಪಿನ ಸದ್ದು ಬಲಗಡೆ ಕೇಳಬೇಕು.' ಮೊದಲ ಸಲ ಅವನು ಅದನ್ನು ಕೇಳಿಕೊಂಡು ಯಾರ ತೋಳನ್ನೂ ಹಿಡಿಯದೆ ಗ್ರಂಥಾಲಯದ ಬಾಗಿಲಿಗೆ ಹೋಗಿ ನಿಂತು, 'ಬಂದೆ' ಎಂದು ಕೂಗಿದ. ಎಂಜಿನಿಯರಮ್ಮ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು, ಧೂಳು ಬಿದ್ದಿತ್ತಂತೆ.

'ನೆಲಮಹಡಿ' ಎಂಬ ಪದವನ್ನೇ ಹೊಸ ನಕ್ಷೆಯಿಂದ ತೆಗೆದುಹಾಕಿದ್ದೇವೆ. ಅದರ ಬದಲು ಬಾಗಿಲುಗಳ ಹೆಸರು. ಮೊದಲು ಕಟ್ಟಡ ವಿಭಾಗದವರು 'ಮುಂಬಾಗಿಲು', 'ಹಿಂಬಾಗಿಲು' ಎಂದು ಬರೆದಿದ್ದರು. ನಾನು ಅಡ್ಡ ನಿಂತೆ. ಹಿಂಬಾಗಿಲಿಂದ ಬಂದವರು ಎಂದರೆ ನಮ್ಮಲ್ಲಿ ಏನರ್ಥ? ನನ್ನ ಮೊಮ್ಮಗಳು ಓದಿ ಅಂಕ ಪಡೆದು ಸೀಟು ತೆಗೆದುಕೊಂಡವಳು, ಅವಳನ್ನು ನಕ್ಷೆಯೇ ಹಿಂಬಾಗಿಲಿಂದ ಕಳಿಸುತ್ತದೆಯೇ? ಈಗ ಅವು ಕೆಳರಸ್ತೆ ಬಾಗಿಲು, ಮೇಲ್ರಸ್ತೆ ಬಾಗಿಲು. ಪ್ರತಿ ಬಾಗಿಲ ಪಕ್ಕದಲ್ಲೂ ಮೆಟ್ಟಿಲಿದೆಯೇ, ಏರು ಎಷ್ಟು ಕಡಿದು, ಲಿಫ್ಟ್ ಯಾವ ಕಡೆ, ಅದು ಕೆಟ್ಟಿದ್ದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದಿದೆ. ಆದರೆ ಹಲವು ಕಡೆ ಖಾಲಿ ಬಿಟ್ಟಿದ್ದೇವೆ. ಒಂಟಿ ಕೈಯಿಂದ ಯಾವ ಬಾಗಿಲನ್ನು ಎಳೆಯಲಾಗುವುದಿಲ್ಲ, ಯಾವ ಏರಿನಲ್ಲಿ ಭುಜ ಸೋಲುತ್ತದೆ, ಎಲ್ಲಿ ಕುರ್ಚಿ ತಿರುಗಿಸಲು ಜಾಗ ಸಾಲದು, ಇದು ನಮ್ಮ ಮೂರು ಜೊತೆ ಕಾಲುಗಳಿಗೆ ತಿಳಿಯದು, ರೇಡಿಯೋನ ಕಿವಿಗೂ ಕೇಳದು. ಆ ಖಾಲಿ ಜಾಗಗಳ ಪಕ್ಕದಲ್ಲೆಲ್ಲ ಎಂಜಿನಿಯರಮ್ಮ ಪೆನ್ಸಿಲಿನಲ್ಲಿ 'ಅವಳನ್ನು ಕೇಳಬೇಕು' ಎಂದು ಬರೆದಿದ್ದಾಳೆ. ಅವಳು ಅಂದರೆ ನೀನು.

ನಿನ್ನಪ್ಪನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನೂ ಅವನಿಗೆ ಓದಿ ಹೇಳು. ಮಗಳು ಮೆಟ್ಟಿಲ ಬುಡದಲ್ಲಿ ಕೂತದ್ದನ್ನು ನೆನೆದು ಅವನ ಕರುಳು ಸುಟ್ಟಿದೆ, ಅದಕ್ಕೇ 'ಮನೆಯಲ್ಲೇ ಕೂತು ಅಂಚೆ ಮೂಲಕ ಓದಲಿ' ಅನ್ನುತ್ತಾನೆ. ಚಿಕ್ಕಂದಿನಲ್ಲಿ ಅವನು ಬಿದ್ದಾಗ ನಾನೂ ಒಂದು ವಾರ ಅಂಗಳಕ್ಕೆ ಬಿಟ್ಟಿರಲಿಲ್ಲ. ಎಂಟನೇ ದಿನ ಅವನೇ ಕಿಟಕಿ ಹತ್ತಿ ಹೊರಗೆ ಹೋದ. ಅವನು ಕಾಲೇಜಿಗೆ ನಿನ್ನ ಟಿ.ಸಿ. ಕೇಳಿ ಬರೆದಿದ್ದಾನೆ ಎಂದು ಪ್ರಾಂಶುಪಾಲ ನನಗೆ ಹೇಳಿದ. ಅದಕ್ಕೆ ನಿನ್ನ ಸಹಿ ಬೇಕೆಂದೂ, ಆ ಜಾಗ ಇನ್ನೂ ಖಾಲಿ ಇದೆಯೆಂದೂ ಹೇಳಿದ. ಸೂಜಿಮೆಣಸೇ, ಈ ಪತ್ರ ಬರೆಯಲು ನನಗೆ ಧೈರ್ಯ ಬಂದದ್ದೇ ಆ ಖಾಲಿ ಜಾಗದಿಂದ.

ಬರಲೇಬೇಕೆಂದು ನಾನು ಹೇಳುವುದಿಲ್ಲ. ಕುರ್ಚಿ ತಳ್ಳುವ ತೋಳು ನಿನ್ನದು, ತೀರ್ಮಾನವೂ ನಿನ್ನದು. ಬಂದರೆ ನಿನ್ನ ಕೋಣೆ ಹಾಗೇ ಇದೆ, ಕಿಟಕಿಯ ಚಿಲಕವನ್ನು ತಾತ ನಿನ್ನ ಕೈಗೆಟುಕುವ ಎತ್ತರಕ್ಕೆ ಇಳಿಸಿದ್ದಾರೆ, ಬೆಕ್ಕಿನ ಜೊತೆ ಮಾತುಕತೆ ನಡೆಸಬೇಕಾದೀತು. ಬಾರದಿದ್ದರೂ ಆ ಖಾಲಿ ಜಾಗಗಳನ್ನು ಫೋನಿನಲ್ಲಾದರೂ ತುಂಬಿಸಿಕೊಡು, ನಿನ್ನ ನಂತರ ಬರುವವರು ಅದೇ ಬಾಗಿಲ ಮುಂದೆ ಹಾದು ಕೆಳಗಿಳಿಯಬಾರದು. ಅಮ್ಮನಿಗೆ ನನ್ನ ಅಕ್ಕರೆ, ಅಪ್ಪನಿಗೆ ಆಶೀರ್ವಾದ ಮತ್ತು ಒಂದು ಸಣ್ಣ ಕಿವಿಹಿಂಡು. ನಿನಗೆ ತೋಳು ತುಂಬ ಬಲವಿರಲಿ, ನಾಲಿಗೆಯ ಖಾರ ಎಂದಿಗೂ ಇಳಿಯದಿರಲಿ.

ನಿನ್ನ,
ಮೇಲ್ರಸ್ತೆ ಅಜ್ಜಿ

ತಾ.ಕ.: ತಾತ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಲಕೋಟೆ ಅಂಟಿಸುವ ಮುಂಚೆ ಅಸಲು ಸಂಗತಿ. ನಿನಗೆ ಮರುಪರೀಕ್ಷೆ ಕೊಡಲು ಕಾಲೇಜಿನವರು ಒಪ್ಪಿದ್ದಾರೆ. ಆದೇಶದ ಕರಡನ್ನು ನನಗೆ ತೋರಿಸಿದರು: 'ಗೈರುಹಾಜರಾಗಿದ್ದ ವಿದ್ಯಾರ್ಥಿನಿಗೆ ವಿಶೇಷ ಅನುಕಂಪದ ಮೇರೆಗೆ' ಎಂದಿತ್ತು. 'ಸದ್ದಿಲ್ಲದೆ ಮುಗಿಸೋಣ ಟೀಚರ್, ಅವಳಿಗೂ ಒಳ್ಳೆಯದು' ಎಂದ ಪ್ರಾಂಶುಪಾಲ. ನಿನ್ನ ಪರವಾಗಿ ನಾನು ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಅದು ನಿನ್ನ ಮಾತು. ಆದರೆ ಈ ಊರಿನವಳಾಗಿ ನನ್ನದೊಂದು ಪ್ರಶ್ನೆಯಿದೆ, ಅದನ್ನು ಎಲ್ಲರ ಮುಂದೆ ಕೇಳಿಯೇ ಕೇಳುತ್ತೇನೆ ಎಂದು ಅಲ್ಲೇ ಹೇಳಿ ಬಂದೆ. ಇಪ್ಪತ್ತೆರಡನೇ ತಾರೀಕು ಶನಿವಾರ ಹೊಸ ನಕ್ಷೆಯನ್ನು ಎಲ್ಲರ ಮುಂದಿಡುವ ಸಭೆ. ಸಭಾಂಗಣಕ್ಕೆ ಮೇಲ್ರಸ್ತೆಯಿಂದ ಸಮನೆಲ, ನಾನೇ ಖುದ್ದು ನೋಡಿದ್ದೇನೆ. ಪ್ರಶ್ನೆಗಳನ್ನು ಮೊದಲೇ ಬರೆದುಕೊಡಬೇಕೆಂದರು, ಕೊಟ್ಟಿದ್ದೇನೆ, ಪತ್ರಿಕೆಗೂ ಕಳಿಸಿದ್ದೇನೆ. ಈ ಸಲ ಕತ್ತರಿಸಲು ಕೊನೆಯ ಸಾಲೇ ಇಲ್ಲ, ಇಡೀ ಪತ್ರವೇ ಒಂದು ಸಾಲು. ನೀನು ಬಂದರೆ ನೀನೇ ಕೇಳು, ಬಾರದಿದ್ದರೆ ನಾನು ಕೇಳುತ್ತೇನೆ, ಉತ್ತರವನ್ನು ಪ್ರಾಂಶುಪಾಲರು ಸಭೆಯಲ್ಲೇ, ಧ್ವನಿವರ್ಧಕದಲ್ಲೇ, ಎಲ್ಲರ ಕಿವಿಗೆ ಬೀಳುವಂತೆ ಹೇಳಲಿ: ಫೆಬ್ರವರಿ ಆರನೇ ತಾರೀಕು ಹೇಳಿದ ಹೊತ್ತಿಗೆ ಹೇಳಿದ ಕಟ್ಟಡದ ಮುಂದೆ ನನ್ನ ಮೊಮ್ಮಗಳು ಹಾಜರಿದ್ದಳು, ಹಾಗಾದರೆ ಅವತ್ತು ಗೈರುಹಾಜರಾಗಿದ್ದವರು ಯಾರು?